ಬೆಸುಗೆಯ ಸುಟ್ಟ ಕಲೆ, ಆಸಿಡ್ ಪೇಸ್ಟ್ ಮತ್ತು ನಮ್ಮೂರ ನೀರು

ಸ್ಟೀಲಿಗೆ ಆರ್ಗಾನ್ ಬೆಸುಗೆ ಹಾಕುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಸುಗೆಯನ್ನು ಬಿಟ್ಟು, ಬೆಸುಗೆ ಮುಗಿದ ಮೇಲಿನ ಕೆಲಸವನ್ನು, ಅಂದರೆ ಸುಟ್ಟ ಕಲೆ ತೆಗೆದು ತೊಳೆಯುವುದನ್ನು, ಹಿಡಿದುಕೊಂಡಿವೆ. ಒಳ್ಳೆಯದೇ ಆಯಿತು. ಈ ಕೆಲಸಕ್ಕೆ ಗಿರಾಕಿ ಕೂಲಿ ಕೊಡುವುದಿಲ್ಲ, ಕೊಟೇಶನ್ನಿನಲ್ಲಿ ಇದರ ಹೆಸರೇ ಇರುವುದಿಲ್ಲ. ತುಕ್ಕು ಕಾಣಿಸಿದ ದಿನ ಮಾತ್ರ ಎಲ್ಲರೂ ಬೆಸುಗೆಗಾರನನ್ನು ಹುಡುಕಿಕೊಂಡು ಕೋಲಾರದ ಟಮಕದಲ್ಲಿರುವ ನನ್ನ ಶೆಡ್ಡಿನವರೆಗೂ ಬರುತ್ತಾರೆ. ಪತ್ರಗಳನ್ನು ಬಂದ ಕ್ರಮದಲ್ಲಿ ಜೋಡಿಸಿಲ್ಲ. ಏಕೆಂದು ಮೊದಲನೆಯದನ್ನು ಓದಿದರೆ ತಿಳಿಯುತ್ತದೆ.

ಪ್ರಶ್ನೆ: ನನ್ನ ಮಗ ಐಟಿಐ ಮುಗಿಸಿ ಒಂದು ಫ್ಯಾಬ್ರಿಕೇಶನ್ ಶೆಡ್ಡಿಗೆ ಸೇರಿದ್ದಾನೆ. ಸ್ಟೀಲಿನ ಬೆಸುಗೆಗೆ ಬಿಳಿ ಪೇಸ್ಟ್ ಹಚ್ಚಿ ತೊಳೆಯುವುದು ಅವನ ಕೆಲಸ. ಸಂಜೆ ಮನೆಗೆ ಬರುವಾಗ ಏನೂ ಇರುವುದಿಲ್ಲ. ರಾತ್ರಿ ಬೆರಳ ತುದಿ ಉರಿಯುತ್ತದೆ ಎಂದು ಎದ್ದು ಕೂರುತ್ತಾನೆ. ಉಗುರಿನ ಸುತ್ತ ಬೆಳ್ಳಗಾಗಿದೆ. ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇವೆ. ಬೇರೆ ಏನು ಹಚ್ಚಬಹುದು?
(ಒಬ್ಬ ತಾಯಿ, ಬಂಗಾರಪೇಟೆ)

ಉತ್ತರ: ಅಮ್ಮಾ, ನಿಮ್ಮ ಪತ್ರ ಕೈಸೇರಿದ ದಿನವೇ ದೂರವಾಣಿಯಲ್ಲಿ ಮಾತನಾಡಿದ್ದೇನೆ. ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಿರಿ ಎಂದು ತಿಳಿದು ಸಮಾಧಾನವಾಯಿತು. ಇಲ್ಲಿ ಬರೆಯುತ್ತಿರುವುದು ಅದೇ ಕೆಲಸ ಮಾಡುತ್ತಿರುವ ಉಳಿದ ಹುಡುಗರಿಗಾಗಿ.

ಅದು ಪಿಕ್ಲಿಂಗ್ ಪೇಸ್ಟ್, ಬೆಸುಗೆಯ ಸುಟ್ಟ ಕಲೆಯನ್ನು ಕರಗಿಸಿ ತೆಗೆಯುವಂಥದ್ದು. ಅದರಲ್ಲಿ ಎರಡು ಆಮ್ಲಗಳಿರುತ್ತವೆ: ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್. ನೈಟ್ರಿಕ್ ಆಮ್ಲ ತಗುಲಿದರೆ ಚರ್ಮ ತಕ್ಷಣ ಉರಿಯುತ್ತದೆ, ಹಳದಿಯಾಗುತ್ತದೆ. ಮನುಷ್ಯ ಕೂಗಿಕೊಂಡು ನಲ್ಲಿಯ ಕಡೆ ಓಡುತ್ತಾನೆ. ಹೈಡ್ರೋಫ್ಲೋರಿಕ್ ಹಾಗಲ್ಲ. ಶೇಕಡಾ 20ಕ್ಕಿಂತ ಕಡಿಮೆ ಸಾಂದ್ರತೆಯದು ತಗುಲಿದರೆ ನೋವು ಕಾಣಿಸಿಕೊಳ್ಳಲು 24 ಗಂಟೆಯವರೆಗೂ ಹಿಡಿಯಬಹುದು. ಅಷ್ಟರಲ್ಲಿ ಅದು ಚರ್ಮ ದಾಟಿ ಒಳಗಿಳಿದು, ಅಂಗಾಂಶದಲ್ಲಿರುವ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತಾ ಎಲುಬಿನವರೆಗೂ ಹೋಗುತ್ತದೆ. ಹೆಚ್ಚು ಜಾಗಕ್ಕೆ ತಗುಲಿದ್ದರೆ ರಕ್ತದ ಕ್ಯಾಲ್ಸಿಯಂ ಇಳಿದು ಹೃದಯಕ್ಕೇ ಕುತ್ತು. ಸಂಜೆ ಏನೂ ಇಲ್ಲದೆ ರಾತ್ರಿ ಉರಿ ಏಳುವುದು, ಉಗುರಿನ ಸುತ್ತ ಬೆಳ್ಳಗಾಗುವುದು ಇದರದೇ ಗುರುತು. ಕೊಬ್ಬರಿ ಎಣ್ಣೆ, ಅರಿಸಿನ, ಟೂತ್‌ಪೇಸ್ಟ್ ಯಾವುದೂ ಇದಕ್ಕೆ ಮದ್ದಲ್ಲ.

ತಗುಲಿತು ಎಂಬ ಅನುಮಾನ ಬಂದರೂ ಸಾಕು, ನೋವಿಗಾಗಿ ಕಾಯಬಾರದು. ಬಟ್ಟೆ, ಕೈಗವಸು ತೆಗೆದುಹಾಕಿ ಹರಿಯುವ ನೀರಿನಲ್ಲಿ ತೊಳೆಯಬೇಕು. ಹದಿನೈದು ನಿಮಿಷ ಎಂದರೆ ಹದಿನೈದು ನಿಮಿಷ. ಶೆಡ್ಡಿನಲ್ಲಿ ಶೇಕಡಾ 2.5ರ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇದ್ದರೆ ಐದು ನಿಮಿಷ ತೊಳೆದು, ಆ ಜೆಲ್ಲನ್ನು ಬೇರೆ ಕೈಗವಸು ತೊಟ್ಟ ಕೈಯಿಂದ ಬಿಡದೆ ತಿಕ್ಕುತ್ತಲೇ ಆಸ್ಪತ್ರೆಗೆ ಹೋಗಬೇಕು. ಪೇಸ್ಟಿನ ಡಬ್ಬಿಯ ಲೇಬಲ್ಲಿನ ಫೋಟೋ ಮೊಬೈಲಿನಲ್ಲಿರಲಿ. ವೈದ್ಯರಿಗೆ "ಆಸಿಡ್ ಬಿದ್ದಿದೆ" ಎಂದಷ್ಟೇ ಹೇಳಿದರೆ ಸಾಲದು, "ಹೈಡ್ರೋಫ್ಲೋರಿಕ್" ಎಂದು ಹೆಸರು ಹಿಡಿದು ಹೇಳಬೇಕು, ಚಿಕಿತ್ಸೆಯೇ ಬೇರೆ.

ಆ ಜೆಲ್ ಎಲ್ಲ ಔಷಧ ಅಂಗಡಿಯಲ್ಲೂ ಸಿಗುವುದಿಲ್ಲ, ತರಿಸಿ ಇಟ್ಟುಕೊಳ್ಳಬೇಕು, ಅವಧಿ ಮುಗಿದರೆ ಬದಲಿಸಬೇಕು. ಪೇಸ್ಟಿನ ಡಬ್ಬಿ ಕೊಳ್ಳಲು ಹಣವಿದ್ದು ಜೆಲ್ಲಿಗೆ ಹಣವಿಲ್ಲ ಎನ್ನುವ ಮಾಲೀಕನ ಬಳಿ ಆ ಕೆಲಸ ಮಾಡಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಪ್ರಶ್ನೆ: ಸಾರ್, ಮಾಲೂರಿನಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿದ್ದೇನೆ. ಪಿಕ್ಲಿಂಗ್ ಪೇಸ್ಟ್ ಹಚ್ಚಿದರೆ ಒಮ್ಮೆ ಚೆನ್ನಾಗಿ ಬೆಳ್ಳಗೆ ಬರುತ್ತದೆ, ಇನ್ನೊಮ್ಮೆ ಮಚ್ಚೆ ಮಚ್ಚೆಯಾಗುತ್ತದೆ. ತೊಳೆದ ಮೇಲೂ ಬಿಳಿ ಪುಡಿಯಂತೆ ಏನೋ ಉಳಿಯುತ್ತದೆ. ಎಷ್ಟು ಹೊತ್ತು ಬಿಡಬೇಕು? ತೊಳೆದ ನೀರನ್ನು ಈಗ ಹಿಂದಿನ ಖಾಲಿ ಸೈಟಿಗೆ ಬಿಡುತ್ತಿದ್ದೇನೆ, ಪರವಾಗಿಲ್ಲವೇ?
(ಓದುಗರು, ಮಾಲೂರು)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಪರವಾಗಿಲ್ಲ ಎನ್ನಲಾಗದು, ಖಂಡಿತ ಬಿಡಬೇಡಿ. ಅದಕ್ಕೆ ಆಮೇಲೆ ಬರುತ್ತೇನೆ.

ಮಚ್ಚೆಗೆ ಸಾಮಾನ್ಯ ಕಾರಣ ಎಣ್ಣೆ. ಶೀಟಿನ ಮೇಲಿನ ಎಣ್ಣೆ, ಮಾರ್ಕರ್ ಶಾಯಿ, ಪ್ಲಾಸ್ಟಿಕ್ ಹಾಳೆಯ ಅಂಟು, ಬೆರಳ ಗುರುತು, ಇವುಗಳನ್ನು ಆಮ್ಲ ತಿನ್ನುವುದಿಲ್ಲ. ಮೊದಲು ಸೋಪಿನ ನೀರಿನಲ್ಲೋ ಡಿಗ್ರೀಸರಿನಲ್ಲೋ ಒರೆಸಿ ಒಣಗಿಸಿ. ಸಿಡಿದ ಬೆಸುಗೆ ಹನಿ, ಸ್ಲ್ಯಾಗ್ ಇದ್ದರೆ ಕೆರೆದು ತೆಗೆಯಿರಿ. ಎರಡನೆಯ ಕಾರಣ ಬಿಸಿಲು. ಏಪ್ರಿಲ್ ತಿಂಗಳಲ್ಲಿ ಅಂಗಳದಲ್ಲಿಟ್ಟ ಸ್ಟೀಲನ್ನು ಬರಿಗೈಯಲ್ಲಿ ಮುಟ್ಟಲಾಗುವುದಿಲ್ಲ. ಅದರ ಮೇಲೆ ಹಚ್ಚಿದ ಪೇಸ್ಟ್ ಒಂದು ಕಡೆ ಒಣಗುತ್ತದೆ, ಇನ್ನೊಂದು ಕಡೆ ಅತಿಯಾಗಿ ತಿನ್ನುತ್ತದೆ. ನೆರಳಿನಲ್ಲಿ, ತಣ್ಣಗಿರುವ ಲೋಹಕ್ಕೆ, ಆಮ್ಲಕ್ಕೆ ತಡೆಯುವ ಬ್ರಷ್ಷಿನಿಂದ ದಪ್ಪಗೆ ಹಚ್ಚಿ. ಬೆಸುಗೆ ಹಾಕಿ ಆರುವ ಮೊದಲೇ ಹಚ್ಚುವ ಆತುರ ಬೇಡ.

ಹೊತ್ತಿನ ಬಗ್ಗೆ: 20 ಡಿಗ್ರಿ ತಾಪದಲ್ಲಿ 304 ಜಾತಿಯ ಸ್ಟೀಲಿಗೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಎನ್ನುತ್ತಾರೆ. ನಮ್ಮ ಬೇಸಿಗೆಯಲ್ಲಿ ಅದಕ್ಕಿಂತ ಬೇಗ ಆಗುತ್ತದೆ. ಡಬ್ಬಿಯ ಮೇಲೆ ಬರೆದದ್ದನ್ನು ಮೀರಬೇಡಿ. ಹೊಸ ಪೇಸ್ಟ್ ತಂದಾಗ ಅದೇ ಶೀಟಿನ ತುಂಡಿಗೆ ಬೆಸುಗೆ ಹಾಕಿ ಹತ್ತು ಹತ್ತು ನಿಮಿಷಕ್ಕೆ ತೊಳೆದು ನೋಡಿದರೆ ನಿಮ್ಮ ಶೆಡ್ಡಿನ ಲೆಕ್ಕ ನಿಮಗೇ ಸಿಗುತ್ತದೆ. ಒಣಗಲು ಮಾತ್ರ ಬಿಡಲೇಬೇಡಿ. ಒಂದರ ಮೇಲೊಂದು ಶೀಟು ಇಟ್ಟು ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿದ ಜೋಡಣೆಗೆ ಪೇಸ್ಟ್ ಹಚ್ಚಬೇಡಿ, ಸಂದಿಗೆ ಹೋದ ಆಮ್ಲ ಹೊರಗೆ ಬರುವುದಿಲ್ಲ, ಅಲ್ಲೇ ಕುಳಿತು ತಿನ್ನುತ್ತಿರುತ್ತದೆ. ಹಳದಿ ಕಂದು ಹೊಗೆ ಎದ್ದರೆ ಅದು ನೈಟ್ರಿಕ್‌ನದು. ಗಾಳಿ ಬೆನ್ನಿನ ಕಡೆಯಿಂದ ಬರುವಂತೆ ನಿಂತು ಕೆಲಸ ಮಾಡಿ. ಆ ಹೊಗೆ ಕುಡಿದವರಿಗೂ ತೊಂದರೆ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು.

ಇನ್ನು ಬಿಳಿ ಪುಡಿ. ಅದು ಪೇಸ್ಟಿನದಲ್ಲ, ನಿಮ್ಮ ಕೊಳವೆಬಾವಿಯದು. ಸಾವಿರ ಅಡಿಗೂ ಕೆಳಗಿನಿಂದ ಎತ್ತಿದ ಗಡಸು ನೀರನ್ನು ಸ್ಟೀಲಿನ ಮೇಲೆ ಹಾಕಿ ಹಾಗೆಯೇ ಆರಲು ಬಿಟ್ಟರೆ ನೀರು ಹೋಗುತ್ತದೆ, ಸುಣ್ಣದ ಅಂಶ ಉಳಿಯುತ್ತದೆ. ಬಿಳಿ ಕಲೆಯಾದರೂ ಕಣ್ಣಿಗೆ ಕಾಣುತ್ತದೆ. ಆ ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ, ಆಗಷ್ಟೇ ಆಮ್ಲದಿಂದ ಹೊರಬಂದ ಮೈಮೇಲೆ ಅದೂ ಒಣಗಿ ಕೂರುತ್ತದೆ. ಮುಂದೆ ಸೂಜಿಮೊನೆಯಂಥ ಗುಳಿ ಏಳುವುದು ಅಲ್ಲಿಂದಲೇ. ಮೊದಲ ತೊಳೆತಕ್ಕೆ ಕೊಳವೆಬಾವಿಯ ನೀರು ಸಾಕು, ಪ್ರೆಷರ್ ವಾಷರ್ ಇದ್ದರೆ ಉತ್ತಮ. ಕೊನೆಯ ತೊಳೆತಕ್ಕೆ ಆರ್‌ಓ ನೀರು ಬೇಕು. ಫ್ಲೋರೈಡಿನ ದೆಸೆಯಿಂದ ನಮ್ಮ ಜಿಲ್ಲೆಯ ಊರೂರಿನಲ್ಲೂ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಬನ್ನಿ. ನನ್ನ ಶೆಡ್ಡಿನ ಹುಡುಗ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ "ಸ್ಟೀಲಿಗೆ ಕುಡಿಯುವ ನೀರೇ?" ಎಂದು ನಗುತ್ತಾರೆ. ನಗಲಿ. ತೊಳೆದ ಮೇಲೆ ಒದ್ದೆ ಬೆಸುಗೆಗೆ ಪಿಎಚ್ ಕಾಗದ (ಆಮ್ಲ ತಾಗಿದರೆ ಬಣ್ಣ ಬದಲಿಸುವ ಕಾಗದ) ಒತ್ತಿ ನೋಡಿ, ನೀರಿನದೇ ಬಣ್ಣ ಬಂದರೆ ಆಮ್ಲ ಹೋಗಿದೆ. ಆಮೇಲೆ ಶುದ್ಧ ಬಟ್ಟೆಯಿಂದ ಒರೆಸಿ.

ಈಗ ಖಾಲಿ ಸೈಟಿನ ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರು ಕುಡಿದು ಹಲ್ಲು ಕಂದಾದವರನ್ನು, ಕೀಲು ಹಿಡಿದುಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ನೀವು ನೆಲಕ್ಕೆ ಬಿಡುತ್ತಿರುವ ನೀರಿನಲ್ಲಿ ಅದೇ ಫ್ಲೋರೈಡ್ ಇದೆ, ಲೀಟರಿಗೆ ಮಿಲಿಗ್ರಾಂ ಲೆಕ್ಕಕ್ಕೆ ನಿಲ್ಲದಷ್ಟು. ಜೊತೆಗೆ ಸ್ಟೀಲಿನಿಂದ ಕರಗಿದ ಕ್ರೋಮಿಯಂ, ನಿಕ್ಕೆಲ್ ಬೇರೆ.

ತೊಳೆದ ನೀರನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿದು, ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಆಮ್ಲ ಸತ್ತು ನೀರು ತುಸು ಕ್ಷಾರದ ಕಡೆ ವಾಲುವವರೆಗೆ ಕಲಕಿ. ಸುಣ್ಣವೇ ಆಗಬೇಕು. ಅಡುಗೆ ಸೋಡಾ ಅಥವಾ ಕಾಸ್ಟಿಕ್ ಹಾಕಿದರೆ ಆಮ್ಲವೇನೋ ಸಾಯುತ್ತದೆ, ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಸುಣ್ಣದ ಕ್ಯಾಲ್ಸಿಯಂ ಅದನ್ನು ಹಿಡಿದು ತಳಕ್ಕೆ ಇಳಿಸುತ್ತದೆ. ಎಲುಬಿನ ಕ್ಯಾಲ್ಸಿಯಮ್ಮಿಗೆ ಬೀಳುವ ಅದೇ ಹಟವನ್ನು ಇಲ್ಲಿ ನಾವು ಬಳಸಿಕೊಳ್ಳುತ್ತೇವೆ, ಅಷ್ಟೇ. ಕೆಳಗೆ ಕೂತ ಕೆಸರು 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅನುಮತಿ ಪಡೆದವರಿಗೇ ಕೊಡಬೇಕು. ಮೇಲಿನ ತಿಳಿಯನ್ನೂ ಪರೀಕ್ಷಿಸದೆ ಚರಂಡಿಗೆ ಬಿಡಬಾರದು. ಇಷ್ಟೆಲ್ಲ ರಗಳೆ ಬೇಡವೆನಿಸಿದರೆ ಪಿಕ್ಲಿಂಗನ್ನು ಆ ವ್ಯವಸ್ಥೆ ಇರುವ ಕಾರ್ಖಾನೆಗೆ ಕಳಿಸಿ ಮಾಡಿಸಿ. ಸಾಗಣೆ ಖರ್ಚು ಬೀಳುತ್ತದೆ, ನಿಜ.

ಪ್ರಶ್ನೆ: ನಮ್ಮ ಹಾಲು ಉತ್ಪಾದಕರ ಸಂಘಕ್ಕೆ 304 ಸ್ಟೀಲಿನಲ್ಲಿ ಹಾಲು ಸುರಿಯುವ ತೊಟ್ಟಿ, ಕ್ಯಾನು ತೊಳೆಯುವ ತೊಟ್ಟಿ ಮಾಡಿಸಿದೆವು. ತಿಂಗಳೊಪ್ಪತ್ತಿನಲ್ಲಿ ತುಕ್ಕು ಬಂತು. ಮಾಡಿದವರು "ಶೀಟು ನಕಲಿ" ಎನ್ನುತ್ತಾರೆ, ಶೀಟು ಕೊಟ್ಟವರು "ಬೆಸುಗೆ ಸರಿಯಿಲ್ಲ" ಎನ್ನುತ್ತಾರೆ. ಅಯಸ್ಕಾಂತ ಹಿಡಿದು ನೋಡಿದೆವು, ಶೀಟಿಗೆ ಅಂಟುವುದಿಲ್ಲ, ಬೆಸುಗೆಗೆ ತುಸು ಎಳೆಯುತ್ತದೆ. ಯಾರನ್ನು ನಂಬುವುದು?
(ಸಂಘದ ಕಾರ್ಯದರ್ಶಿ, ಚಿಂತಾಮಣಿ ತಾಲ್ಲೂಕು)

ಉತ್ತರ: ಅಯಸ್ಕಾಂತವನ್ನು ನಂಬಬೇಡಿ. ಅಗ್ಗದ 202 ಸ್ಟೀಲಿಗೂ ಅದು ಅಂಟುವುದಿಲ್ಲ. ಸರಿಯಾದ 304ರ ಬೆಸುಗೆಯಲ್ಲಿ, ಬಿರುಕು ಬಾರದಿರಲೆಂದು, ಫೆರೈಟ್ ಎಂಬ, ಅಯಸ್ಕಾಂತಕ್ಕೆ ಅಂಟುವ ಅಂಶ ಸ್ವಲ್ಪ ಉಳಿಯುವಂತೆಯೇ ಬೆಸುಗೆ ತಂತಿಯನ್ನು ಮಾಡಿರುತ್ತಾರೆ. ಆದ್ದರಿಂದ ಬೆಸುಗೆ ತುಸು ಎಳೆಯುವುದು ದೋಷವಲ್ಲ. ಶೀಟು ಯಾವುದೆಂದು ಖಚಿತವಾಗಬೇಕಿದ್ದರೆ ಒಂದು ತುಂಡನ್ನು ಲೋಹ ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಿ. ಕ್ರೋಮಿಯಂ ಶೇಕಡಾ 18, ನಿಕ್ಕೆಲ್ 8ರ ಆಸುಪಾಸು ಬರಬೇಕು.

ಅದಕ್ಕೂ ಮೊದಲು ತುಕ್ಕು ಎಲ್ಲಿದೆ ಎಂದು ನೋಡಿ. ಇದಕ್ಕೆ ಖರ್ಚಿಲ್ಲ. ಶೀಟಿನ ಮೈತುಂಬ, ಬೆಸುಗೆಯಿಂದ ದೂರದಲ್ಲೂ ಒಂದೇ ಸಮನೆ ಇದ್ದರೆ ಶೀಟಿನ ಮೇಲೆ ಅನುಮಾನ ಪಡಬಹುದು. ಬೆಸುಗೆಯ ಎರಡೂ ಪಕ್ಕದ ಬಣ್ಣದ ಪಟ್ಟಿಯಲ್ಲಿ ಮಾತ್ರ ಇದ್ದರೆ ಸುಟ್ಟ ಕಲೆಯನ್ನು ತೆಗೆದಿಲ್ಲ ಎಂದರ್ಥ. ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿದ್ದರೆ ಕಬ್ಬಿಣದ ಪುಡಿ ಅಂಟಿದೆ. ನನಗೆ ಎರಡನೆಯ ಮತ್ತು ಮೂರನೆಯದರ ಮೇಲೇ ಗುಮಾನಿ, ಏಕೆಂದರೆ ನಮ್ಮ ಕಡೆ ಬರುವ ದೂರುಗಳಲ್ಲಿ ಶೀಟಿನ ತಪ್ಪು ಅಪರೂಪ.

ಸ್ಟೀಲಿಗೆ ತುಕ್ಕು ಬರದಂತೆ ಕಾಯುವುದು ಅದರ ಮೈಮೇಲೆ ತಾನಾಗಿ ಕಟ್ಟುವ ಕ್ರೋಮಿಯಂ ಆಕ್ಸೈಡಿನ ಪೊರೆ. ದಪ್ಪ ಒಂದರಿಂದ ಮೂರು ನ್ಯಾನೋಮೀಟರು, ನಿಮ್ಮ ನೆರೆಯ ಶಿಡ್ಲಘಟ್ಟದಲ್ಲಿ ಬಿಚ್ಚುವ ರೇಷ್ಮೆ ಎಳೆಗಿಂತ ಸಾವಿರಾರು ಪಟ್ಟು ತೆಳು. ಬೆಸುಗೆಯ ಬಿಸಿಗೆ ಅಲ್ಲಿಯ ಕ್ರೋಮಿಯಂ ಮೇಲಕ್ಕೆ ಬಂದು ಗಾಳಿಯೊಂದಿಗೆ ಸೇರಿ ದಪ್ಪನೆಯ ಬಣ್ಣದ ಪದರವಾಗುತ್ತದೆ, ಅದರ ಅಡಿಯಲ್ಲಿ ಕ್ರೋಮಿಯಂ ಕಡಿಮೆಯಾದ ಬಡ ಪದರವೊಂದು ಉಳಿಯುತ್ತದೆ. ತುಕ್ಕು ಹಿಡಿಯುವುದು ಆ ಬಡ ಪದರಕ್ಕೆ. ಬಫ್ ಹಾಕಿ ಮೇಲಿನ ಬಣ್ಣವನ್ನಷ್ಟೇ ಹಾರಿಸಿದರೆ ತೊಟ್ಟಿ ಹೊಳೆಯುತ್ತದೆ, ಗಿರಾಕಿ ಹಣ ಕೊಡುತ್ತಾರೆ, ಬಡ ಪದರ ಹಾಗೆಯೇ ಇರುತ್ತದೆ. ಪಿಕ್ಲಿಂಗ್ ಆಮ್ಲ ಎರಡನ್ನೂ ಕರಗಿಸಿ ಒಳಗಿನ ಗಟ್ಟಿ ಲೋಹವನ್ನು ಹೊರಗೆ ತರುತ್ತದೆ, ಅದರ ಮೇಲೆ ಹೊಸ ಪೊರೆ ಕಟ್ಟುತ್ತದೆ. ಪಿಕ್ಲಿಂಗ್ ಆದ ತೊಟ್ಟಿ ಮಂಕಾಗಿ ಬೂದುಬಿಳಿ ಕಾಣುತ್ತದೆ. ಅದನ್ನು ನೋಡಿ "ಫಿನಿಶಿಂಗ್ ಸರಿಯಿಲ್ಲ" ಎಂದು ಬಿಲ್ಲು ತಡೆಹಿಡಿಯುವ ಸಂಘಗಳಿವೆ. ನಿಮ್ಮದು ಆ ಪೈಕಿ ಅಲ್ಲ ಎಂದುಕೊಳ್ಳುತ್ತೇನೆ.

ಕಬ್ಬಿಣದ ಪುಡಿಯ ಕಥೆ ಸರಳ. ಒಂದೇ ಶೆಡ್ಡಿನಲ್ಲಿ ಬೆಳಿಗ್ಗೆ ಕಬ್ಬಿಣದ ಗೇಟು, ಮಧ್ಯಾಹ್ನ ಹಾಲಿನ ತೊಟ್ಟಿ. ಗೇಟು ಉಜ್ಜಿದ ಗ್ರೈಂಡಿಂಗ್ ಚಕ್ರವೇ ತೊಟ್ಟಿಗೆ, ಕಬ್ಬಿಣದ ತಂತಿ ಬ್ರಷ್ಷೇ ಬೆಸುಗೆಗೆ. ಪಕ್ಕದಲ್ಲಿ ಗೇಟು ಕತ್ತರಿಸುವಾಗ ಹಾರಿದ ಕಿಡಿಗಳೂ ಸ್ಟೀಲಿನ ಮೈಗೆ ಚುಚ್ಚಿಕೊಳ್ಳುತ್ತವೆ. ನೀರು ತಾಗಿದಾಗ ತುಕ್ಕು ಹಿಡಿಯುವುದು ಆ ಕಬ್ಬಿಣಕ್ಕೆ, ಅಪವಾದ ಸ್ಟೀಲಿಗೆ. ಮಾಡಿದವರ ಶೆಡ್ಡಿಗೆ ಒಮ್ಮೆ ಹೋಗಿ ಬ್ರಷ್ಷನ್ನು ನೋಡಿದರೆ ಅರ್ಧ ತೀರ್ಪು ಅಲ್ಲೇ ಆಗುತ್ತದೆ.

ನಿಮ್ಮದೂ ಒಂದು ಪಾಲಿರಬಹುದು. ತೊಟ್ಟಿಗೆ ಬ್ಲೀಚಿಂಗ್ ಪುಡಿಯ ನೀರು ತುಂಬಿ ರಾತ್ರಿಯಿಡೀ ಬಿಡುತ್ತೀರಾ? ಕ್ಲೋರಿನ್ ದ್ರಾವಣ ಹೇಳಿದಷ್ಟೇ ಪ್ರಮಾಣದಲ್ಲಿ, ಹೇಳಿದಷ್ಟೇ ಹೊತ್ತು ಇರಬೇಕು, ನಂತರ ಪೂರ್ತಿ ತೊಳೆಯಬೇಕು.

ಸರಿಪಡಿಸಲು ಬರುತ್ತದೆ. ತೊಟ್ಟಿಯನ್ನು ಬಿಚ್ಚಿ ಮಾಡಿದವರ ಶೆಡ್ಡಿಗೇ ಕಳಿಸಿ, ಆಮ್ಲದ ಕೆಲಸ ಹಾಲಿನ ಕೇಂದ್ರದೊಳಗೆ ಬೇಡ. ತುಕ್ಕನ್ನು ಸ್ಟೀಲಿಗೆಂದೇ ಮೀಸಲಾದ ಪ್ಯಾಡಿನಿಂದ ಉಜ್ಜಿ, ಪಿಕ್ಲಿಂಗ್ ಮಾಡಿ, ತೊಳೆದು, ನೈಟ್ರಿಕ್ ಅಥವಾ ಸಿಟ್ರಿಕ್ ಆಮ್ಲದಿಂದ ಪ್ಯಾಸಿವೇಶನ್ (ಮೈಮೇಲಿನ ಕಬ್ಬಿಣ ತೆಗೆದು ಪೊರೆ ಚೆನ್ನಾಗಿ ಕಟ್ಟುವಂತೆ ಮಾಡುವುದು) ಮಾಡಿಸಿ. ಹಾಲು ತಾಗುವ ಕಡೆ ಬೆಸುಗೆ ನುಣುಪಾಗಿರಬೇಕು, ಒರಟುತನ 0.8 ಮೈಕ್ರಾನಿಗಿಂತ ಹೆಚ್ಚಿರಬಾರದು. ಅಂದರೆ ಉಜ್ಜುವ ಕೆಲಸ ಮೊದಲು, ಆಮ್ಲ ಆಮೇಲೆ. ತಿರುಗುಮುರುಗು ಮಾಡಿದರೆ ಮಾಡಿದ್ದೆಲ್ಲ ವ್ಯರ್ಥ.

ಪ್ರಶ್ನೆ: ಮೆಟ್ಟಿಲಿನ ಸ್ಟೀಲ್ ರೇಲಿಂಗಿಗೆ ತುಕ್ಕು ಬಂದಿದೆ. ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ಹೋಗುತ್ತದೆಯೇ?
(ಗೃಹಿಣಿ, ಮುಳಬಾಗಿಲು)

ಉತ್ತರ: ಹೋಗುತ್ತದೆ, ಜೊತೆಗೆ ರೇಲಿಂಗೂ ಹೋಗುತ್ತದೆ. ಅದು ಹೈಡ್ರೋಕ್ಲೋರಿಕ್ ಆಮ್ಲ, ಸ್ಟೀಲಿನ ಪೊರೆಯನ್ನು ಒಡೆದು ಗುಳಿ ಕೊರೆಯುತ್ತದೆ. ಸೋಪಿನ ನೀರು, ಮೆತ್ತನೆಯ ಬಟ್ಟೆ ಮೊದಲು. ಬಗ್ಗದಿದ್ದರೆ ಬೆಸುಗೆಗಾರರನ್ನು ಕರೆಸಿ.

ಪ್ರಶ್ನೆ: ಬೆಸುಗೆಯ ಪಕ್ಕ ಹುಲ್ಲು ಹಳದಿ ಬಂದರೆ ಪರವಾಗಿಲ್ಲ, ನೀಲಿ ಬಂದರೆ ತಪ್ಪು ಎಂದು ನಮ್ಮ ಮೇಷ್ಟ್ರು ಹೇಳುತ್ತಾರೆ. ಎಲ್ಲ ಬಣ್ಣವನ್ನೂ ತೆಗೆಯಬೇಕು ಎಂದು ನೀವು ಬರೆಯುತ್ತೀರಿ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ? ಕಬ್ಬಿಣ ಅಂಟಿದೆಯೇ ಎಂದು ಶೆಡ್ಡಿನಲ್ಲೇ ತಿಳಿಯುವ ಉಪಾಯ ಇದೆಯೇ?
(ಐಟಿಐ ವಿದ್ಯಾರ್ಥಿ, ಕೆಜಿಎಫ್)

ಉತ್ತರ: ಪರೀಕ್ಷೆಯಲ್ಲಿ ಮೇಷ್ಟ್ರು ಹೇಳಿದ್ದನ್ನೇ ಬರೆ, ತಮ್ಮಾ. ಅವರು ಹೇಳಿದ್ದು ಸುಳ್ಳೇನಲ್ಲ. 304 ಸ್ಟೀಲನ್ನು ಗಾಳಿಯಲ್ಲಿ ಕಾಯಿಸಿದರೆ 290 ಡಿಗ್ರಿಯ ಸುಮಾರಿಗೆ ತಿಳಿಹಳದಿ, 390ಕ್ಕೆ ಕಂದು, 450ಕ್ಕೆ ಕಡುನೇರಳೆ, 540ಕ್ಕೆ ನೀಲಿ ಬರುತ್ತದೆ. ಬಣ್ಣ ಕಡುವಾದಷ್ಟೂ ಪದರ ದಪ್ಪ, ಅಡಿಯ ಲೋಹ ಬಡ. ಒಣ ಜಾಗದ ಸ್ಟ್ಯಾಂಡಿಗೆ ತಿಳಿಹಳದಿ ನಡೆಯುತ್ತದೆ. ಹಾಲು, ಔಷಧ, ಉಪ್ಪುನೀರು ತಾಗುವ ಕಡೆ ನನಗೆ ಅದೂ ಬೇಡ.

ಒಂದು ಮಾತು ಸೇರಿಸಿಕೋ. ಪೈಪಿನ ಒಳಗಿನ ಬಣ್ಣವನ್ನು ಆಮೇಲೆ ತೆಗೆಯುವುದು ಕಷ್ಟ, ಆದ್ದರಿಂದ ಬಾರದಂತೆಯೇ ನೋಡಿಕೊಳ್ಳಬೇಕು. ಪೈಪಿನೊಳಗೆ ಆರ್ಗಾನ್ ತುಂಬಿ ಗಾಳಿಯನ್ನು ಹೊರದೂಡಿ ಬೆಸುಗೆ ಹಾಕು. ಅದಿಲ್ಲದೆ ಹಾಕಿದರೆ ಬೆಸುಗೆಯ ಬೆನ್ನು ಸಕ್ಕರೆ ಹರಳಿನಂತೆ ಕರಿಗಟ್ಟುತ್ತದೆ, ಅದಕ್ಕೆ ಯಾವ ಪೇಸ್ಟೂ ಮದ್ದಲ್ಲ.

ಕಬ್ಬಿಣ ಪತ್ತೆಗೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರರು ಬೋರ್ಡೋ ದ್ರಾವಣಕ್ಕೆ ಬಳಸುವುದೂ ಅದನ್ನೇ. 250 ಮಿಲಿಲೀಟರ್ ಶುದ್ಧ ನೀರಿಗೆ 1 ಮಿಲಿಲೀಟರ್ ಗಂಧಕಾಮ್ಲ ಸೇರಿಸಿ, ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ, ಅದರಲ್ಲಿ 4 ಗ್ರಾಂ ಮೈಲುತುತ್ತ ಕರಗಿಸು. ಮೇಷ್ಟ್ರು ಪಕ್ಕದಲ್ಲಿರಲಿ. ಸ್ಟೀಲಿನ ಮೇಲೆ ಆರು ನಿಮಿಷ ಒದ್ದೆಯಾಗಿಡು. ಕಬ್ಬಿಣ ಇದ್ದ ಕಡೆ ತಾಮ್ರ ಕೆಂಪಗೆ ಕೂರುತ್ತದೆ. ಆಹಾರ ತಾಗುವ ಪಾತ್ರೆಗೆ ಈ ಪರೀಕ್ಷೆ ಕೂಡದು. ಅಲ್ಲಿ ಶುದ್ಧ ನೀರು ಚಿಮುಕಿಸಿ ಒಣಗಿಸಿ, ದಿನವಿಡೀ ಹಾಗೆಯೇ ಮಾಡುತ್ತಾ ತುಕ್ಕಿನ ಚುಕ್ಕೆ ಏಳುತ್ತದೆಯೇ ನೋಡಿದರೆ ಸಾಕು.

ಪ್ರಶ್ನೆ: ನಮ್ಮದು ಮಾವಿನ ತಿರುಳು ತೆಗೆಯುವ ಘಟಕ. ಅಪಾಯದ ಆಮ್ಲ ಬೇಡ, ನಿಂಬೆ ಉಪ್ಪು ಸಾಕು ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ನಿಜವೇ?
(ಓದುಗರು, ಶ್ರೀನಿವಾಸಪುರ)

ಉತ್ತರ: ಅರ್ಧ ನಿಜ. ನಿಂಬೆ ಉಪ್ಪು ಎಂದರೆ ಸಿಟ್ರಿಕ್ ಆಮ್ಲ. ಶೇಕಡಾ 4ರಿಂದ 10ರ ದ್ರಾವಣ 21ರಿಂದ 49 ಡಿಗ್ರಿ ತಾಪದಲ್ಲಿ ಇಪ್ಪತ್ತು ನಿಮಿಷ ಇದ್ದರೆ ಮೈಮೇಲಿನ ಕಬ್ಬಿಣವನ್ನು ತೆಗೆಯುತ್ತದೆ, ಪೊರೆ ಕಟ್ಟಲು ನೆರವಾಗುತ್ತದೆ. 60 ಡಿಗ್ರಿಗೆ ಕಾಯಿಸಿದರೆ ನಾಲ್ಕೇ ನಿಮಿಷ ಸಾಕು. ಆದರೆ ಬೆಸುಗೆಯ ನೀಲಿ, ಕಂದು ಕಲೆಯನ್ನು ಅದು ಮುಟ್ಟುವುದಿಲ್ಲ. ನೈಟ್ರಿಕ್ ಒಂದೇ ಇದ್ದರೂ ಮುಟ್ಟುವುದಿಲ್ಲ. ಕಲೆಯನ್ನು ಉಜ್ಜಿ ಬಡ ಪದರದವರೆಗೂ ತೆಗೆದು ಆಮೇಲೆ ಸಿಟ್ರಿಕ್ ಬಳಸಿದರೆ ನಿಮ್ಮ ಸಲಹೆಗಾರರ ಮಾತು ಪೂರ್ತಿ ನಿಜವಾಗುತ್ತದೆ.

ಇನ್ನೊಂದು ದಾರಿ ವಿದ್ಯುತ್ತಿನಿಂದ ಶುಚಿ ಮಾಡುವ ಯಂತ್ರ. ಕಾರ್ಬನ್ ನಾರಿನ ಬ್ರಷ್ಷನ್ನು ಫಾಸ್ಫಾರಿಕ್ ಆಮ್ಲದ ದ್ರವದಲ್ಲಿ ಅದ್ದಿ ಬೆಸುಗೆಯ ಮೇಲೆ ಎಳೆದರೆ ಕಲೆ ಆಗಲೇ ಹೋಗುತ್ತದೆ, ಹೈಡ್ರೋಫ್ಲೋರಿಕ್‌ನ ಭಯವಿಲ್ಲ. ದೊಡ್ಡ ಟ್ಯಾಂಕಿಗೆ ನಿಧಾನ, ನಿಮ್ಮಂತೆ ಸುಗ್ಗಿಯ ನಡುವೆ ಸ್ಥಳದಲ್ಲೇ ರಿಪೇರಿ ಮಾಡಿಸುವವರಿಗೆ ಅನುಕೂಲ. ಒರೆಸಿದ ದ್ರವದಲ್ಲಿ ಕ್ರೋಮಿಯಂ, ನಿಕ್ಕೆಲ್ ಇರುತ್ತವೆ, ಅದನ್ನು ಮೋರಿಗೆ ಬಿಡಬೇಡಿ.

ಪ್ರಶ್ನೆ: ನಮ್ಮ ದೇವಸ್ಥಾನದ ದಾಸೋಹದ ಅಡುಗೆಮನೆಗೆ ಸ್ಟೀಲಿನ ಕೆಲಸ ಕೊಡಬೇಕಾಗಿದೆ. ಆದೇಶ ಪತ್ರದಲ್ಲಿ ಏನು ಬರೆಸಿದರೆ ಮುಂದೆ ಜಗಳ ಬರುವುದಿಲ್ಲ?
(ಸಮಿತಿ ಸದಸ್ಯರು, ಗೌರಿಬಿದನೂರು)

ಉತ್ತರ: "ಅತ್ಯುತ್ತಮ ಗುಣಮಟ್ಟದ ಸ್ಟೀಲ್, ಅತ್ಯುತ್ತಮ ಫಿನಿಶಿಂಗ್" ಎಂದು ಬರೆಸಿದರೆ ಜಗಳಕ್ಕೆ ನೀವೇ ಚಪ್ಪರ ಹಾಕಿದಂತೆ. ಹೀಗೆ ಬರೆಸಿ: "ಶೀಟು 304 ಅಥವಾ 304ಎಲ್, ತಯಾರಕರ ಪರೀಕ್ಷಾ ಪತ್ರದೊಂದಿಗೆ. ಕಬ್ಬಿಣಕ್ಕೆ ಬಳಸಿದ ಬ್ರಷ್, ಚಕ್ರಗಳನ್ನು ಬಳಸತಕ್ಕದ್ದಲ್ಲ. ಎಲ್ಲ ಬೆಸುಗೆಗಳ ಬಣ್ಣದ ಕಲೆಯನ್ನು ಒಳಗೂ ಹೊರಗೂ ಪೂರ್ತಿ ತೆಗೆದು, ಪ್ಯಾಸಿವೇಶನ್ ಮಾಡಿ, ಕಡಿಮೆ ಕ್ಲೋರೈಡ್ ಇರುವ ನೀರಿನಲ್ಲಿ ತೊಳೆದು ಒಣಗಿಸಿ ಕೊಡತಕ್ಕದ್ದು. ಈ ಕೆಲಸದ ದರವನ್ನು ಪ್ರತ್ಯೇಕವಾಗಿ ನಮೂದಿಸತಕ್ಕದ್ದು." ಕೊನೆಯ ವಾಕ್ಯವನ್ನು ಬಿಡಬೇಡಿ. ದರ ಕೇಳದ ಕೆಲಸವನ್ನು ಯಾರೂ ಮಾಡುವುದಿಲ್ಲ. ಕೊಟೇಶನ್ ಬಂದ ಮೇಲೆ ಆ ಸಾಲಿನ ಮುಂದೆ ಸೊನ್ನೆ ಬರೆದವರಿಗೆ ಫೋನ್ ಮಾಡಿ, ಕಲೆಯನ್ನು ಯಾವುದರಿಂದ ತೆಗೆಯುತ್ತೀರಿ, ತೊಳೆದ ನೀರನ್ನು ಎಲ್ಲಿಗೆ ಬಿಡುತ್ತೀರಿ ಎಂದು ಕೇಳಿ.